ಶಿಶುವಿಹಾರಕ್ಕೆ ಅಕ್ಕೋರನ್ನು ಸಿದ್ಧಪಡಿಸಿದ ನನ್ನ ಅನುಭವ

ಗದಗಿನ ಬೆಟಗೇರಿಯಲ್ಲಿ ನಾನು ನಡೆಸುತ್ತಿರುವ ಶಿಶುವಿಹಾರದಲ್ಲಿ ಈಗ ಐದು ಜನ ಶಿಕ್ಷಕಿಯರು, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು, ಇದ್ದಾರೆ. ಐವರೂ ಪಿಯುಸಿ ಮುಗಿಸಿ ಮನೆಯಲ್ಲಿದ್ದ, ಇದೇ ಓಣಿಗಳ ಹೆಣ್ಣುಮಕ್ಕಳು. ಬಿ.ಎಡ್. ಆದವರನ್ನು ಬಿಟ್ಟು ಇವರನ್ನು ತೆಗೆದುಕೊಂಡಾಗ, ಇದು ಎರಡು ವರ್ಷವೂ ನಡೆಯುವುದಿಲ್ಲ ಎಂದು ಪಾಲಕರು ಹೇಳಿದರು, ಶಾಲೆ ನಡೆಸುವ ಗೆಳತಿಯರು ಹೇಳಿದರು, ನನ್ನ ಮನೆಯವರೂ ಹೇಳಿದರು. ಏಳೆಂಟು ವರ್ಷಗಳು ಕಳೆದಿವೆ. ಆಗ ಬಂದವರಲ್ಲಿ ನಾಲ್ವರು ಇಂದಿಗೂ ಇದ್ದಾರೆ, ಮತ್ತು ಇಲ್ಲಿಂದ ಹೋದ ಮಕ್ಕಳನ್ನು ಒಂದನೇ ತರಗತಿಯ ಶಿಕ್ಷಕರು ಕೇಳದೆಯೇ ಗುರುತಿಸುತ್ತಾರೆ. ಆದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ನಾನೂ ಎಲ್ಲರಂತೆ ಬಿ.ಎಡ್. ಆದವರನ್ನೇ ನೇಮಿಸಿದ್ದೆ. ಅವರು ಓದಿದವರು, ಪಾಠ ಬಲ್ಲವರು. ಆದರೆ ಆ ತರಬೇತಿ ದೊಡ್ಡ ಮಕ್ಕಳಿಗಾಗಿ ಇರುವಂಥದ್ದು. ಶಿಕ್ಷಕರ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮಗಳಲ್ಲಿ ಶಾಲಾಪೂರ್ವ ಶಿಕ್ಷಣಕ್ಕೆ, ಪಿಯುಸಿಯಲ್ಲಿ ಶೇ. 50 ಅಂಕ ಪಡೆದವರಿಗಾಗಿ, ಎರಡು ವರ್ಷದ ಬೇರೆಯದೇ ಡಿಪ್ಲೊಮಾ ಇದೆ. ಅದನ್ನು ಮುಗಿಸಿ ನಮ್ಮಂಥ ಸಣ್ಣ ಸಂಸ್ಥೆ ಕೊಡುವ ಪಗಾರಕ್ಕೆ ಬರುವವರು ಗದಗಿನಲ್ಲಿ ನನಗೆ ಸಿಗಲಿಲ್ಲ. ಬಂದ ಇಬ್ಬರು ಬಿ.ಎಡ್. ಶಿಕ್ಷಕಿಯರಿಗೆ ತಿಂಗಳಿಗೆ ಹನ್ನೆರಡು ಹದಿಮೂರು ಸಾವಿರ ಕೊಡುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಹೈಸ್ಕೂಲಿನಲ್ಲಿ ಜಾಗ ಸಿಕ್ಕಿತೆಂದು ಇಬ್ಬರೂ ಬಿಟ್ಟುಹೋದರು. ಮೂರು ವರ್ಷದ ಮಗುವಿಗೆ ಶಿಕ್ಷಕಿ ಬದಲಾಗುವುದೆಂದರೆ ಶಾಲೆಯೇ ಬದಲಾದಂತೆ. ಜೂನ್‌ನಲ್ಲಿ ನಿಂತಿದ್ದ ಅಳು ನವೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಎಂಟೊಂಬತ್ತು ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಫೀ ವಾಪಸ್ ಪಡೆದರು. ಆ ವರ್ಷ ಸುಮಾರು ಅರವತ್ತು ಎಪ್ಪತ್ತು ಸಾವಿರ ನಷ್ಟವಾಯಿತು.

ಮುಂದಿನ ಮಾರ್ಚ್‌ನಲ್ಲಿ ಆಯ್ಕೆಯ ಬಗೆಯನ್ನೇ ಬದಲಿಸಿ, ಪಿಯುಸಿ ಮುಗಿಸಿದ ಓಣಿಯ ಹೆಣ್ಣುಮಕ್ಕಳನ್ನು ಕರೆದೆ. ಅರ್ಜಿಯೊಡನೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನೆ ಕೇಳುವುದನ್ನು ಬಿಟ್ಟು, ಅರ್ಧ ದಿನ ಮಕ್ಕಳ ನಡುವೆ ಬಿಟ್ಟೆ. ಪರೀಕ್ಷೆಗಳು ಮೂರು. ಒಂದು, ನೆಲದ ಮೇಲೆ ಕುಳಿತು ಮಣ್ಣಿನಲ್ಲಿ ಏನಾದರೂ ಮಾಡಬೇಕು, ಮಕ್ಕಳಿಗೆ ಕೈ ಹಿಡಿದು ಮಾಡಿಸಬಾರದು. ಎರಡು, ಪುಸ್ತಕವಿಲ್ಲದೆ ಒಂದು ಕಥೆ ಹೇಳಬೇಕು, ನಡುವೆ ಮಗುವೊಂದು ಎದ್ದು ಹೋದರೆ ಗದರದೆ ಕಥೆಯನ್ನು ಮುಂದುವರಿಸಬೇಕು. ಮೂರನೆಯ ಪರೀಕ್ಷೆಯನ್ನು ಇಲ್ಲಿ ಬರೆಯುವುದಿಲ್ಲ. ಅದು ಗೊತ್ತಾದರೆ ಸಿದ್ಧರಾಗಿ ಬರುತ್ತಾರೆ, ಆಗ ಅದರಿಂದ ಉಪಯೋಗವಿಲ್ಲ. ಈ ಮೂರನೆಯದರಲ್ಲಿ ತೇರ್ಗಡೆಯಾದ ಯಾರೂ ನನ್ನನ್ನು ನಿರಾಶೆಗೊಳಿಸಿಲ್ಲವೆಂದು ಅಭಿಮಾನದಿಂದ ಹೇಳಬಲ್ಲೆ.

ಆಯ್ಕೆಯಾದ ಐವರಿಗೆ ಮೇ ಕೊನೆಯವರೆಗೆ ತರಬೇತಿ ಕೊಟ್ಟೆ. ತಲಾ ತಿಂಗಳಿಗೆ ನಾಲ್ಕು ಸಾವಿರದಂತೆ ಮೂರು ತಿಂಗಳಿಗೆ ಹತ್ತಿರ ಹತ್ತಿರ ಅರವತ್ತು ಸಾವಿರ ಖರ್ಚಾಯಿತು. ಪಾಠ ಶುರುವಾಗುವ ಮೊದಲೇ ಇಷ್ಟು ಹಣವೇ ಎಂದು ಮನೆಯಲ್ಲಿ ಮಾತು ನಡೆಯಿತು. ಮುಂದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಿಯುಸಿ ಅಥವಾ ಹೆಚ್ಚು ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ತರಬೇತಿಯನ್ನು ಸೂಚಿಸಿದ್ದನ್ನು ಓದಿದಾಗ, ನಾನು ಹಿಡಿದ ದಾರಿಯೂ ಅದೇ ದಿಕ್ಕಿನದೆಂದು ಸಮಾಧಾನವಾಯಿತು.

ಶಿಕ್ಷಕಿಯ ಕರ್ತವ್ಯಗಳಲ್ಲಿ ಪಾಠಕ್ಕಿಂತ ಮೊದಲು ಬರುವವು ಬಾಗಿಲು, ಬಚ್ಚಲು ಮತ್ತು ಡಬ್ಬಿ. ಬೆಳಿಗ್ಗೆ ಪ್ರತಿ ಮಗುವನ್ನು ಹೆಸರು ಹಿಡಿದು ಕರೆದು, ಮೈ ಬಿಸಿಯಿದೆಯೇ, ನಿದ್ದೆ ಕೆಟ್ಟಿದೆಯೇ ಎಂದು ನೋಡಿ ಒಳಗೆ ಕರೆದುಕೊಳ್ಳಬೇಕು. ಒದ್ದೆ ಮಾಡಿಕೊಂಡ ಮಗುವಿನ ಬಟ್ಟೆಯನ್ನು ಇತರರ ಮುಂದೆ ಬದಲಿಸಬಾರದು. ಊಟದ ಡಬ್ಬಿಯನ್ನು ಮಗುವೇ ತೆರೆಯಲಿ ಎಂದು ಕಾಯಬೇಕು. ಹೊಸದಾಗಿ ಸೇರಿದ ಮಕ್ಕಳನ್ನು ಒಂದೇ ದಿನ ಕರೆಯದೆ, ಮೂರು ದಿನಕ್ಕೆ ಐದು ಮಕ್ಕಳಂತೆ ಕರೆಯುತ್ತೇವೆ. ಇದರಿಂದ ಜೂನ್ ಪೂರ್ತಿ ಕಳೆಯುತ್ತದೆ, ಆದರೆ ಅಳು ಬೇಗ ನಿಲ್ಲುತ್ತದೆ.

ಮಕ್ಕಳನ್ನು ಗಮನಿಸಿ ಬರೆದಿಡುವ ಕೆಲಸ ಮೊದಲು ಸೋತಿತು. ಅಚ್ಚು ಹಾಕಿಸಿದ, ಮೂವತ್ತು ನಲವತ್ತು ಅಂಶಗಳಿದ್ದ ನಮೂನೆಗಳಲ್ಲಿ ಶನಿವಾರ ಮಧ್ಯಾಹ್ನ ಒಟ್ಟಿಗೆ ಗುರುತು ಬೀಳುತ್ತಿತ್ತು. ಎಲ್ಲ ಮಕ್ಕಳೂ ಒಂದೇ ರೀತಿ ಕಾಣುತ್ತಿದ್ದರು. ನಾಲ್ಕೈದು ಸಾವಿರದ ಕಾಗದ ರದ್ದಿಗೆ ಹೋಯಿತು. ಈಗ ಇನ್ನೂರು ಪುಟದ ಸಾದಾ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಇಬ್ಬರು ಮಕ್ಕಳ ಬಗ್ಗೆ ಎರಡೆರಡು ಸಾಲು ಬರೆಯುತ್ತಾರೆ. ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿ ಇರಬೇಕೆಂದು 2013ರ ರಾಷ್ಟ್ರೀಯ ಶಿಶು ಪಾಲನೆ ಮತ್ತು ಶಿಕ್ಷಣ ನೀತಿ ಹೇಳುತ್ತದೆ. ಆ ಲೆಕ್ಕವನ್ನು ನಾವು ಮೀರುವುದಿಲ್ಲವಾದ್ದರಿಂದ, ಹತ್ತು ದಿನಕ್ಕೊಮ್ಮೆ ಪ್ರತಿ ಮಗುವಿನ ಸರದಿ ಬರುತ್ತದೆ.

ದೊಡ್ಡ ಜಗಳವಾದದ್ದು ಬರವಣಿಗೆಯ ವಿಷಯದಲ್ಲಿ. "ಅಕ್ಕೋರ, ಬಾಜೂ ಮನಿ ಹುಡುಗಿ ಎಬಿಸಿಡಿ ಬರೀತಾಳ್ರಿ, ನಮ್ಮವ ಬರೇ ಮಣ್ಣಾಗ ಆಡಿ ಬರ್ತಾನ್ರಿ" ಎಂದು ಒಬ್ಬ ತಾಯಿ ಬಾಗಿಲಲ್ಲೇ ನಿಂತು ಕೇಳಿದ್ದರು. ಐದು ವರ್ಷ ಸಮೀಪಿಸುವವರೆಗೆ ನಾವು ಪೆನ್ಸಿಲ್ ಕೊಡುವುದಿಲ್ಲ. ಬೆರಳುಗಳು ಮೊದಲು ಗಟ್ಟಿಯಾಗಬೇಕು. ಇದಕ್ಕೆ ನಮ್ಮ ಹಬ್ಬಗಳೇ ನೆರವಾದವು. ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನನ್ನು ಮಾಡುತ್ತಾರೆ. ಹೊಲದ ಎರೆಮಣ್ಣಿನಿಂದ ಮಾಡಿಸಿದ ಎತ್ತುಗಳು ಒಣಗಿದ ಕೂಡಲೇ ಬಿರಿದು ಕಾಲು ಮುರಿದುಕೊಂಡವು, ಆದ್ದರಿಂದ ಕುಂಬಾರರಿಂದ ಹದ ಮಾಡಿದ ಮಣ್ಣನ್ನು ತರುತ್ತೇವೆ. ಎತ್ತಿನ ಕೋಡು ತಿದ್ದುವಾಗ ಹೆಬ್ಬೆರಳು ಮತ್ತು ತೋರುಬೆರಳು ಮಾಡುವ ಕೆಲಸವೇ ಮುಂದೆ ಪೆನ್ಸಿಲ್ ಹಿಡಿಯುವಾಗಲೂ ಬೇಕಾಗುವುದು. ಆಮೇಲೆ ಸ್ಯಾಂಡ್‌ಪೇಪರಿನ ಅಕ್ಷರಗಳನ್ನು ಬೆರಳಿನಿಂದ ತಿದ್ದಿಸುತ್ತೇವೆ. ಅ, ಆ, ಇ, ಈ ಕ್ರಮವನ್ನು ಬಿಟ್ಟು ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿರುವಂತೆ ರ, ಗ, ಸ, ದ, ಅ ಎಂದು ಆರಂಭಿಸುತ್ತೇವೆ. ಐದೇ ಅಕ್ಷರಗಳಲ್ಲಿ ಮಗು 'ಅರಸ', 'ಸರ' ಎಂದು ಓದತೊಡಗುತ್ತದೆ.

ಸಲಕರಣೆಗಳಲ್ಲೂ ಒಂದಿಷ್ಟು ಪ್ರಯೋಗ ಮಾಡಿದೆ. ಮಾಂಟೆಸ್ಸರಿ ಸಾಮಗ್ರಿಗಳ ಪೂರ್ಣ ಸೆಟ್ಟಿಗೆ ಲಕ್ಷದ ಮೇಲೆ ಬೆಲೆ ಹೇಳಿದ್ದರಿಂದ, ಒಂದರಿಂದ ಹತ್ತು ಸೆಂಟಿಮೀಟರಿನವರೆಗಿನ ಗೋಪುರ ಕಟ್ಟುವ ಹತ್ತು ಘನಗಳನ್ನು ಊರಿನ ಬಡಿಗರಿಂದ ಮಾಡಿಸಿದೆ. ಮೊದಲ ಸೆಟ್ಟಿನ ಹಸಿ ಕಟ್ಟಿಗೆ ಮಳೆಗಾಲದಲ್ಲಿ ಸೊಟ್ಟಗಾಯಿತು. ಎರಡನೆಯದನ್ನು ಹಳೆಯ ಬಾಗಿಲಿನ ಸಾಗುವಾನಿ ತುಂಡುಗಳಿಂದ ಮಾಡಿಸಿದೆ. ಎರಡೂವರೆ ಸಾವಿರದಲ್ಲಿ ಮುಗಿಯಿತು, ಇಂದಿಗೂ ಸೊಟ್ಟಗಾಗಿಲ್ಲ. ಮರದ ದಿಮ್ಮಿಯ ಕುಳಿಗಳಲ್ಲಿ ಅಳತೆ ನೋಡಿ ಕೂರಿಸುವ, ಗುಂಡು ಹಿಡಿಯಿರುವ ಸಿಲಿಂಡರುಗಳನ್ನು ಮಾತ್ರ ಕೊಂಡೇ ತರಬೇಕು. ಅವುಗಳ ಅಳತೆ ತಪ್ಪಿದರೆ ಬೇರೆ ಕುಳಿಯಲ್ಲಿ ಕುಳಿತುಬಿಡುತ್ತವೆ, ಆಗ ಮಗು ತನ್ನ ತಪ್ಪನ್ನು ತಾನೇ ಕಾಣಲಾರದು. ಬಟ್ಟಲಿನಿಂದ ಬಟ್ಟಲಿಗೆ ಸುರಿಯುವ ಆಟಕ್ಕೆ ಕಡಲೆ, ಹುಣಸೆಬೀಜ ಬಳಸುವುದು ನಾಲ್ಕು ವರ್ಷ ದಾಟಿದವರಿಗೆ ಮಾತ್ರ, ಅದೂ ಶಿಕ್ಷಕಿ ಪಕ್ಕದಲ್ಲಿದ್ದು ಮೊದಲೂ ಕೊನೆಗೂ ಎಣಿಸಿದರೆ ಮಾತ್ರ. ಸಣ್ಣವರು ಅವನ್ನು ಮೂಗಿಗೋ ಬಾಯಿಗೋ ಹಾಕಿಕೊಳ್ಳುತ್ತಾರೆ.

ಪಾಲಕರ ಸಂಶಯ ಹರಿದದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿತು, ಫೀ ನಿಂತಿತು, ಅರ್ಧ ಪಗಾರ ಕೊಡಲು ನನ್ನ ಬಂಗಾರವನ್ನು ಅಡವಿಟ್ಟೆ. ನಿರ್ಬಂಧ ಸಡಿಲವಾದ ಮೇಲೆ ಆಗಿದ್ದ ಐವರು ಶಿಕ್ಷಕಿಯರು ಓಣಿಯ ಕಟ್ಟೆಗಳ ಮೇಲೆ ನಾಲ್ಕು ನಾಲ್ಕು ಮಕ್ಕಳನ್ನು ದೂರ ದೂರ ಕೂರಿಸಿಕೊಂಡು ಕಥೆ ಹೇಳಿದರು, ಹಾಡಿಸಿದರು. ಅಕ್ಕಪಕ್ಕದವರಾಗಿದ್ದರಿಂದಲೇ ಅದು ಸಾಧ್ಯವಾಯಿತು. ಶಿಶುವಿಹಾರ ಮತ್ತೆ ತೆರೆದಾಗ ಹಳೆಯ ಮಕ್ಕಳ ತಮ್ಮ ತಂಗಿಯರ ಅರ್ಜಿಗಳೇ ಮೊದಲು ಬಂದವು. ಮಣ್ಣಿನಾಟಕ್ಕೆ ಆಕ್ಷೇಪಿಸಿದ್ದ ಆ ತಾಯಿಯೂ ಎರಡನೆಯ ಮಗುವನ್ನು ಕರೆತಂದರು.

ಅರ್ಹತೆಯ ಪತ್ರವನ್ನು ನಾನು ಕಡೆಗಣಿಸಿಲ್ಲ. ಪಿಯುಸಿ ನಂತರ ಮಾಡಬಹುದಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಶಿಶುಶಿಕ್ಷಣ ಡಿಪ್ಲೊಮಾವನ್ನು ಮೂವರು ಮುಗಿಸಿದ್ದಾರೆ. ಅರ್ಧ ಶುಲ್ಕವನ್ನು ಸಂಸ್ಥೆ ಕೊಟ್ಟಿತು, ಇಷ್ಟು ವರ್ಷ ಇಲ್ಲೇ ಇರಬೇಕೆಂಬ ಬಾಂಡ್ ಬರೆಸಿಕೊಳ್ಳಲಿಲ್ಲ. ಕೆಲಸ ಮಾಡುತ್ತಲೇ ಓದಿದ್ದರಿಂದ ಪುಸ್ತಕದಲ್ಲಿದ್ದುದನ್ನು ಮರುದಿನವೇ ತರಗತಿಯಲ್ಲಿ ಪರೀಕ್ಷಿಸಿ, ಒಪ್ಪದಿದ್ದರೆ ನನ್ನೊಡನೆ ವಾದಿಸುತ್ತಿದ್ದರು. ಈಗ ಪಗಾರ ಹದಿನಾಲ್ಕು ಹದಿನೈದು ಸಾವಿರಕ್ಕೆ ಬಂದಿದೆ. ಬರುವ ಜೂನ್‌ಗೆ ಆರನೆಯವರು ಬೇಕು. ಆ ಅರ್ಧ ದಿನದ ಆಯ್ಕೆಯನ್ನು ಈ ಸಲ ಹಿರಿಯ ಶಿಕ್ಷಕಿಯರಿಬ್ಬರೇ ನಡೆಸುತ್ತಾರೆ.