ಪದೇ ಪದೇ ಸೈನ್ ಇನ್ ಕೇಳೋ ಮಷೀನ್‌ಗಳು: ಫಾರ್ಮ್ಯಾಟ್ ಇಲ್ಲದೆ ಸರಿಮಾಡಿದ ನನ್ನ ಅನುಭವ

ನಾನು ನೋಡಿಕೊಳ್ಳುವ ಆಫೀಸಿನಲ್ಲಿ ಸುಮಾರು 40 ವಿಂಡೋಸ್ ಮಷೀನ್‌ಗಳಿವೆ. ಹತ್ತು-ಹನ್ನೆರಡಕ್ಕೆ ಒಂದೇ ಕಾಯಿಲೆ. ಪಾಸ್‌ವರ್ಡ್ ಹಾಕಿ, ಓಟಿಪಿ ಕೊಟ್ಟರೆ ಸಂಜೆವರೆಗೂ ಸರಿ. ಬೆಳಿಗ್ಗೆ ಮೇಲ್ ತೆರೆದರೆ ಮತ್ತೆ ಸೈನ್ ಇನ್ ಕೇಳುತ್ತಿತ್ತು.

ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ್ದಾಯ್ತು. ವಿಂಡೋಸ್ ಪಾಸ್‌ವರ್ಡ್ ನೆನಪಿಟ್ಟುಕೊಳ್ಳೋ ಕ್ರೆಡೆನ್ಶಿಯಲ್ ಮ್ಯಾನೇಜರ್ ಖಾಲಿ ಮಾಡಿದ್ದಾಯ್ತು. ಒಂದೆರಡನ್ನು ಫಾರ್ಮ್ಯಾಟ್ ಕೂಡ ಹೊಡೆದರು. ಬ್ಯಾಕಪ್, ಪ್ರಿಂಟರ್, ಅಪ್‌ಡೇಟ್ ಅಂತ ಮಷೀನಿಗೆ ಒಂದು ದಿನದ ಕೆಲಸ ಹೋಯ್ತು, ಕಾಯಿಲೆ ಮಾತ್ರ ವಾರದೊಳಗೆ ವಾಪಸ್. ಹೊರಗಿನ ಸರ್ವಿಸ್‌ನವರು ಹೊಸ ಮಷೀನ್‌ಗಳಿಗೆ ಕೊಟೇಶನ್ನೇ ಕಳಿಸಿಬಿಟ್ಟರು.

ನಾನು ಎಲ್ಲ ಮಾನಿಟರ್‌ಗಳ ಮೇಲೂ ಒಂದೊಂದು ಚೀಟಿ ಅಂಟಿಸಿದೆ. ಸೈನ್ ಇನ್ ಕೇಳಿದ ಸಮಯ, ಅದಕ್ಕೆ ಮುಂಚೆ ಏನು ಮಾಡಿದಿರಿ, ಇಷ್ಟು ಬರೆಯಿರಿ ಅಂದೆ. ಇದರಿಂದೇನಾಗುತ್ತೆ ಅಂದವರೇ ಜಾಸ್ತಿ. ಎರಡು ವಾರ ಕಳೆಯುವಷ್ಟರಲ್ಲಿ ಕಾಯಿಲೆ ಒಂದಲ್ಲ, ಮೂರು ಅಂತ ಗೊತ್ತಾಯ್ತು.

ದೊಡ್ಡ ಗುಂಪು, ರಾತ್ರಿ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡುವ ಸಾಲಿನ ಹಳೇ ಮಷೀನ್‌ಗಳದ್ದು. ಮಷೀನಿನಲ್ಲಿ ನಡೆದದ್ದೆಲ್ಲ ದಾಖಲಾಗುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಜನರಲ್, ಐಡಿ 1 ಫಿಲ್ಟರ್ ಹಾಕಿ ನೋಡಿ. ಗಡಿಯಾರ ಬದಲಾದಾಗೆಲ್ಲ ಹಳೇ ಸಮಯ, ಹೊಸ ಸಮಯ ಎರಡೂ ಅಲ್ಲಿರುತ್ತೆ. ಬೆಳಿಗ್ಗೆ ಮಷೀನ್ ಏಳುವುದೇ ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ. ಆಗಲೇ ಮೇಲ್ ತೆರೆದರೆ ಸರ್ವರ್‌ನ ಗುರುತು ಹೇಳೋ ಸರ್ಟಿಫಿಕೇಟ್ ತಾರೀಖಿಗೆ ಹೊಂದುವುದಿಲ್ಲ, ಸೈನ್ ಇನ್ ಆದಾಗ ಸಿಕ್ಕ ಟೋಕನ್ (ಪಾಸ್ ಇದ್ದ ಹಾಗೆ) ನಡೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಇಂಟರ್ನೆಟ್‌ನಿಂದ ಸಮಯ ಸರಿಯಾಗುತ್ತೆ. ನಮ್ಮಂಥವರು ಹೋಗಿ ನೋಡುವಾಗ ಗಡಿಯಾರ ಸರಿಯಾಗೇ ಇರುತ್ತೆ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸೋದು ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್. ಅದು 3 ವೋಲ್ಟ್ ಇರಬೇಕು, ಮೀಟರ್ ಹಿಡಿದರೆ ಎರಡೂವರೆಯೂ ಇರಲಿಲ್ಲ. ಆ ಸಾಲಿಗೆಲ್ಲ ಹೊಸ ಸೆಲ್ ಹಾಕಿದೆ. ಅಷ್ಟೂ ಸೆಲ್‌ಗಳ ಖರ್ಚು ಕೊಟೇಶನ್‌ನಲ್ಲಿದ್ದ ಒಂದು ಕೀಬೋರ್ಡಿನ ಬೆಲೆಯೂ ಇಲ್ಲ.

ಎರಡನೇ ಗುಂಪು, ಮದರ್‌ಬೋರ್ಡ್ ಬದಲಾದ ಮೂರ್ನಾಲ್ಕು ಲ್ಯಾಪ್‌ಟಾಪ್‌ಗಳು. ಎರರ್ 80090016. ಸೈನ್ ಇನ್‌ಗೆ ಬೇಕಾದ ಕೀ, ಅದನ್ನು ಕಾಯುವ ಹಳೇ ಬೋರ್ಡಿನ ಟಿಪಿಎಂ ಚಿಪ್ ಜೊತೆಗೇ ಹೋಗಿದೆ, ಎಷ್ಟು ಸಲ ಪಾಸ್‌ವರ್ಡ್ ಹಾಕಿದರೂ ಸುಮ್ನೆ. ಲೋಕಲ್ ಆ್ಯಪ್‌ಡೇಟಾದ ಪ್ಯಾಕೇಜಸ್ ಒಳಗಿರುವ ಎಎಡಿ ಬ್ರೋಕರ್‌ಪ್ಲಗಿನ್ (ವರ್ಕ್ ಅಕೌಂಟಿನ ಸೈನ್ ಇನ್ ನೋಡಿಕೊಳ್ಳೋ ಭಾಗ) ಫೋಲ್ಡರನ್ನು ಡಿಲೀಟ್ ಮಾಡದೆ ಹೆಸರು ಬದಲಿಸಿ, ವರ್ಕ್ ಅಕೌಂಟ್ ಬಿಡಿಸಿ ಮತ್ತೆ ಸೇರಿಸಿದೆ. ಬಿಡಿಸುವ ಮುಂಚೆ ಲೋಕಲ್ ಅಡ್ಮಿನ್ ಪಾಸ್‌ವರ್ಡ್, ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್‌ನ ರಿಕವರಿ ಕೀ ಎರಡೂ ಕೈಯಲ್ಲಿರಲೇಬೇಕು. ಬಿಡಿಸುವ, ಸೇರಿಸುವ ನಡುವೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೂರನೆಯದು ಆ ಮಷೀನಿನಲ್ಲಷ್ಟೇ ಇರುವ ಲೋಕಲ್ ಅಕೌಂಟ್‌ಗಳು. ಪಾಸ್‌ವರ್ಡ್ ಮರೆತೆ ಅಂದಾಗೆಲ್ಲ ಅಡ್ಮಿನ್ ಕಡೆಯಿಂದ ರೀಸೆಟ್ ಆಗುತ್ತಿತ್ತು. ಸೇವ್ ಆದ ಪಾಸ್‌ವರ್ಡ್‌ಗಳಿಗೆ ಬಳಕೆದಾರರ ಪಾಸ್‌ವರ್ಡಿನಿಂದಲೇ ಬೀಗ ಹಾಕೋದು ವಿಂಡೋಸ್‌ನ ಡಿಪಿಎಪಿಐ. ಹಾಗೆ ರೀಸೆಟ್ ಮಾಡಿದರೆ ಅದು ಬೀಗ ಹಾಕಿದ್ದೆಲ್ಲ ತೆರೆಯದೆ ಉಳಿಯುತ್ತೆ. ಹಳೇ ಪಾಸ್‌ವರ್ಡ್ ನೆನಪಾದರೆ ಅದನ್ನೇ ವಾಪಸ್ ಇಡಿ, ತೆರೆಯುತ್ತೆ. ಬದಲಿಸಬೇಕಿದ್ದರೆ ಬಳಸುವವರೇ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಬದಲಿಸಲಿ.

ಇದೇ ಗುಂಗಿನಲ್ಲಿ ಮನೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ನೋಡಿದೆ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಆಟೋ ಲಾಗಿನ್ ಇಟ್ಟರೆ ಕೀರಿಂಗ್ (ಸೇವ್ ಆದ ಪಾಸ್‌ವರ್ಡ್‌ಗಳ ಪೆಟ್ಟಿಗೆ) ಪಾಸ್‌ವರ್ಡ್ ಬೇರೆ ಕೇಳುತ್ತೆ, ಯಾಕಂದರೆ ಲಾಗಿನ್ ಆಗುವಾಗ ಯಾರೂ ಪಾಸ್‌ವರ್ಡ್ ಒತ್ತಿರುವುದಿಲ್ಲ. ಆಟೋ ಲಾಗಿನ್ ತೆಗೆದೆ, ನಿಂತಿತು.

ಆ ಕೊಟೇಶನ್ ವಾಪಸ್ ಹೋಯ್ತು. ಈಗ ಒಂದೇ ಮಷೀನ್ ಬಾಕಿ, ಅದು ವಿಪಿಎನ್ ಹಾಕಿದಾಗ ಮಾತ್ರ ಕೇಳುತ್ತೆ. ಅದರ ಚೀಟಿ ಇನ್ನೂ ಮಾನಿಟರ್ ಮೇಲಿದೆ, ತುಂಬಿದ ಮೇಲೆ ಕೈ ಹಾಕುತ್ತೇನೆ.