ಎಂಟು ಸೆಟ್ಟಿಂಗ್‌ಗೆ ಒಂದೇ ಬೈಟ್ ಸಾಕು

ಆರ್ಡುಯಿನೊ ಊನೊ ಆರ್3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಮನೆಯ ನೀರಿನ ಟ್ಯಾಂಕಿಗೆ ಕಂಟ್ರೋಲರ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಬಜರ್ ಕೂಗಬೇಕಾ? ಡಿಸ್‌ಪ್ಲೇ ಲೈಟ್ ಉರಿಯಬೇಕಾ? ಮೋಟರ್ ತಾನಾಗಿ ಆನ್ ಆಗಬೇಕಾ? ರಾತ್ರಿ ಸದ್ದು ಬೇಡವಾ? ಎಲ್ಲಕ್ಕೂ ಉತ್ತರ ಹೌದು ಇಲ್ಲವೇ ಇಲ್ಲ. ಒಂದೊಂದಕ್ಕೂ ಬೂಲಿಯನ್ (ಹೌದು/ಇಲ್ಲ ಅಷ್ಟೇ ಹಿಡಿಯುವ ವೇರಿಯಬಲ್) ಇಟ್ಟರೆ ಒಂದೊಂದೂ ಇಡೀ ಬೈಟ್ ತಿನ್ನುತ್ತದೆ. ಬೈಟಿನಲ್ಲಿ 8 ಬಿಟ್ (ಒಂದೊಂದೂ 0 ಇಲ್ಲವೇ 1), ಬೇಕಿರುವುದು ಒಂದೇ. ಊನೊದಲ್ಲಿ ರ‍್ಯಾಮ್ ಇರುವುದೇ 2 ಕಿಲೋಬೈಟ್. ಕರೆಂಟ್ ಹೋದರೂ ಅಳಿಯದ ಇಇಪ್ರಾಮ್ ಬರೀ 1 ಕಿಲೋಬೈಟ್.

ಮೊದಲು ಪ್ರತಿ ಸೆಟ್ಟಿಂಗಿಗೂ ಒಂದು ಬಿಟ್ ಕೊಟ್ಟು ಹೆಸರಿಡಿ:

ಬಜರ್ = 1, ಲೈಟ್ = 2, ಆಟೋ = 4, ರಾತ್ರಿ = 8

ಈ ಸಂಖ್ಯೆಗಳೇ ಮಾಸ್ಕ್, ಅಂದರೆ ಬೈಟಿನಲ್ಲಿ ತಮ್ಮ ಬಿಟ್ ಒಂದನ್ನೇ ಆರಿಸಿಕೊಳ್ಳುವ ಸಂಖ್ಯೆಗಳು. ಬಜರ್, ಆಟೋ ಎರಡೇ ಆನ್ ಇದ್ದರೆ ಬೈಟಿನಲ್ಲಿ 00000101, ಅಂದರೆ 5. ಲಿನಕ್ಸ್‌ನಲ್ಲಿ ಫೈಲಿಗೆ 755 ಅಂತ ಅನುಮತಿ ಕೊಡ್ತೀವಲ್ವಾ, ಅದೂ ಇದೇ ಲೆಕ್ಕ: ಓದಲು 4, ಬರೆಯಲು 2, ರನ್ ಮಾಡಲು 1, ಮೂರೂ ಸೇರಿದರೆ 7.

ಕೆಳಗೆ 'ಸೆಟ್' ಅಂದರೆ ಎಲ್ಲ ಸೆಟ್ಟಿಂಗ್ ಇರುವ ಆ ಒಂದು ಬೈಟ್. ಬಿಟ್ ಬಿಟ್ಟಾಗಿ ನೋಡಿದರೆ, | ಅಂದರೆ ಎರಡರಲ್ಲಿ ಒಂದಾದರೂ 1 ಇದ್ದರೆ 1, & ಅಂದರೆ ಎರಡೂ 1 ಇದ್ದರೆ ಮಾತ್ರ 1, ^ ಅಂದರೆ ಎರಡೂ ಬೇರೆ ಇದ್ದರೆ 1, ~ ಅಂದರೆ 0 ಇದ್ದದ್ದು 1, 1 ಇದ್ದದ್ದು 0.

ಆನ್ ಮಾಡಲು: ಸೆಟ್ = ಸೆಟ್ | ಆಟೋ
ಆಫ್ ಮಾಡಲು: ಸೆಟ್ = ಸೆಟ್ & ~ಆಟೋ
ಅದಲು ಬದಲು ಮಾಡಲು: ಸೆಟ್ = ಸೆಟ್ ^ ಆಟೋ

ಆನ್ ಮಾಡಲು ಸುಮ್ನೆ ಕೂಡಿಸಿದರೆ ಆಗಲ್ವಾ ಅನ್ನಿಸಬಹುದು. ಬೇಡ. ಆಟೋ ಆಗಲೇ ಆನ್ ಇದ್ದು ಸಂಖ್ಯೆ 5 ಆಗಿದ್ದರೆ, 4 ಕೂಡಿಸಿದಾಗ 9 ಆಗುತ್ತದೆ. ಬಿಟ್‌ಗಳಲ್ಲಿ 00001001. ಆಟೋ ಆಫ್ ಆಯಿತು, ಕೇಳದೇ ಇದ್ದ ರಾತ್ರಿ ಆನ್ ಆಯಿತು!

ಆನ್ ಇದೆಯಾ ಅಂತ ನೋಡಲು (!= ಅಂದರೆ 'ಸಮವಲ್ಲ'):

(ಸೆಟ್ & ಆಟೋ) != 0

ಇಲ್ಲಿ ಬ್ರಾಕೆಟ್ ಬಿಡಲೇಬೇಡಿ. ಬಿಟ್ಟರೆ ಸಿ ಭಾಷೆ ಮೊದಲು 'ಆಟೋ != 0' ನೋಡುತ್ತದೆ. ಅದು ನಿಜ, ಹಾಗಾಗಿ 1. ಆ 1 ಬಜರ್‌ನ ಮಾಸ್ಕ್. ಬಜರ್ ಆನ್ ಮಾಡಿದಾಗಲೆಲ್ಲ ನನ್ನ ಮೋಟರ್ ಓಡುತ್ತಿತ್ತು. ಒಂದಿಡೀ ಸಂಜೆ ವೈರಿಂಗ್ ಬಿಚ್ಚಿ ನೋಡಿದ ಮೇಲೆ ತಪ್ಪು ಈ ಸಾಲಿನಲ್ಲಿ ಸಿಕ್ಕಿತು.

ಇನ್ನು ಉಳಿಸಿಡುವುದು. ಇಇಪ್ರಾಮ್‌ನ ಒಂದು ಜಾಗಕ್ಕೆ ಸುಮಾರು 1 ಲಕ್ಷ ಸಲ ಬರೆಯಬಹುದು ಅಷ್ಟೇ. ಆದ್ದರಿಂದ ಅದಕ್ಕೆ ಬರೆಯುವಾಗ 'ರೈಟ್' ಆಜ್ಞೆಯ ಬದಲು 'ಅಪ್‌ಡೇಟ್' ಬಳಸಿ. ಸಂಖ್ಯೆ ಬದಲಾಗಿದ್ದರೆ ಮಾತ್ರ ಅದು ಬರೆಯುತ್ತದೆ. ಏನೂ ಬರೆಯದ ಜಾಗದಲ್ಲಿ 255 ಇರುತ್ತದೆ, ಅಂದರೆ ಎಂಟೂ ಬಿಟ್ ಆನ್. ಮೊದಲ ದಿನವೇ ಮೋಟರ್ ತಾನಾಗಿ ಓಡಬಾರದಲ್ವಾ? ಪಕ್ಕದ ಬೈಟಿನಲ್ಲಿ 42ರಂತಹ ಒಂದು ಗುರುತು ಇಡಿ. ಆ ಗುರುತು ಕಾಣದಿದ್ದರೆ ನಿಮ್ಮ ಡೀಫಾಲ್ಟ್ ಬರೆಯಿರಿ.

ಮುಂದೆ ಹೊಸ ಸೆಟ್ಟಿಂಗ್ ಬಂದರೆ ಅದಕ್ಕೆ 16 ಕೊಡಿ. ನಡುವೆ ತುರುಕಬೇಡಿ, ಹಳೆಯದಾಗಿ ಉಳಿಸಿಟ್ಟ ಸಂಖ್ಯೆಯ ಅರ್ಥವೇ ಕೆಡುತ್ತದೆ. ಒಂದು ಸೆಟ್ಟಿಂಗ್ ತೆಗೆದುಹಾಕಿದರೂ ಅದರ ಬಿಟ್ ಖಾಲಿ ಬಿಡಿ, ಬೇರೆಯದಕ್ಕೆ ಕೊಡಬೇಡಿ.