ಡಬ್ಬಿಯಲ್ಲಿ ಇಲ್ಲದ ನ್ಯಾಟ್

ನನ್ನ ಅಪ್ಪ ಎಚ್‌ಎಎಲ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ಮನೆ ವಿಮಾನಪುರದ ಹತ್ತಿರ. ತಲೆ ಮೇಲೆ ಕಿರಣ್ ವಿಮಾನ ಹೋದರೆ ನಾವು ಹುಡುಗರು ಕತ್ತೆತ್ತಿ ನೋಡುತ್ತಲೂ ಇರಲಿಲ್ಲ, ಸದ್ದಿನಲ್ಲೇ ಗೊತ್ತಾಗುತ್ತಿತ್ತು. 1984ರಲ್ಲಿ ನನಗೆ ಹತ್ತು ವರ್ಷ. ಇಂಗ್ಲೆಂಡಿನಿಂದ ಬಂದ ಸೋದರಮಾವ ಒಂದು ಏರ್‌ಫಿಕ್ಸ್ ಕಿಟ್ ತಂದುಕೊಟ್ಟರು, ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಪುಟ್ಟ ವಿಮಾನ ಮಾಡುವಂಥದ್ದು. ನ್ಯಾಟ್ ವಿಮಾನ, 1/72 ಅಳತೆ. ಅಂದರೆ ಆರಡಿ ಮನುಷ್ಯ ಒಂದಿಂಚು. ಡಬ್ಬಿ ಮೇಲಿನ ಚಿತ್ರದಲ್ಲಿ ಬ್ರಿಟನ್ನಿನ ರೆಡ್ ಆರೋಸ್ ವಿಮಾನ ಕಸರತ್ತು ತಂಡದ ಕೆಂಪು ಬಣ್ಣ.

ಸಂಜೆ ಅಪ್ಪ ಬಂದು ಡಬ್ಬಿ ತಿರುಗಿಸಿ ನೋಡಿದರು. "ಇದು ನಮ್ಮದಲ್ಲ ಕಣೋ. ಎರಡು ಸೀಟಿದೆ, ಟ್ರೈನರ್ ಇದು. ನಾವು ಮಾಡಿದ್ದು ಒಂದು ಸೀಟಿಂದು." ಅಷ್ಟು ಹೇಳಿ ಕಾಫಿ ಕುಡಿಯೋಕೆ ಹೋದರು.

ಆ ಮಾತು ನನ್ನ ತಲೆಯಲ್ಲಿ ನಲವತ್ತು ವರ್ಷ ಕೂತುಬಿಟ್ಟಿತು.

ಮೊದಲ ಕಿಟ್ ಏನಾಯಿತು ಅಂತ ಕೇಳಬೇಡಿ. ಟ್ಯೂಬಿನ ಅಂಟು ದಾರ ದಾರವಾಗಿ ಹರಿದು ಕ್ಯಾನೊಪಿ (ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ) ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಶಾಶ್ವತವಾಗಿ ಉಳಿಯಿತು. ಬಣ್ಣ ಗೇಟಿಗೆ ತಂದಿಟ್ಟಿದ್ದ ಎನಾಮಲ್. ಕೊನೆಗೆ ಚಕ್ರದ ಮೇಲೆ ನಿಲ್ಲಿಸಿದರೆ ವಿಮಾನ ಮೂತಿ ಎತ್ತಿ ಬಾಲದ ಮೇಲೆ ಕೂತಿತು. ಮುಂದೆ ಒಂದು ಚಕ್ರ ಇರುವ ವಿಮಾನಗಳ ಮೂತಿಯೊಳಗೆ ಮೊದಲೇ ಭಾರ ಇಡಬೇಕು. ಅದು ಗೊತ್ತಾಗುವ ಹೊತ್ತಿಗೆ ಮೂತಿ ಅಂಟಿಸಿ ಆಗಿತ್ತು. ಈಗ ಮೀನು ಹಿಡಿಯುವವರ ಸೀಸದ ಗುಂಡು ತಂದು ಇಟ್ಟಿರುತ್ತೇನೆ. ಹಾಗಿದ್ದೂ ಇವತ್ತಿಗೂ ಒಮ್ಮೊಮ್ಮೆ ಮರೆಯುತ್ತೇನೆ.

ಹೊರಗಿನವರಿಗೆ ಇದು ಅಂಟಿಸುವ ಆಟ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಇದು ಬೆಸುಗೆ. ಮಾಡೆಲ್ ಸಿಮೆಂಟ್ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಕರಗಿದ ಎರಡು ಅಂಚುಗಳು ಸೇರಿ ಒಂದೇ ಆಗುತ್ತವೆ. ನೀರಿನಷ್ಟು ತೆಳುವಾದ ಸಿಮೆಂಟನ್ನು ಬ್ರಷ್ ತುದಿಯಲ್ಲಿ ತೆಗೆದು ಸಂದಿಗೆ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಓಡುತ್ತದೆ. ಮೆಲ್ಲಗೆ ಒತ್ತಿದಾಗ ಸಂದಿಯಲ್ಲಿ ಕೂದಲೆಳೆಯಷ್ಟು ಪ್ಲಾಸ್ಟಿಕ್ ಉಬ್ಬಿ ಬರುತ್ತದೆ. ಅದು ಒಣಗಿದ ಮೇಲೆ ಉಜ್ಜಿದರೆ ಗೆರೆ ಮಾಯ. ಸೂಪರ್ ಗ್ಲೂ ಬೇರೆ ಜಾತಿ. ಅದು ಬರೀ ಹಿಡಿದುಕೊಳ್ಳುತ್ತದೆ, ಅದರ ಆವಿ ಪಾರದರ್ಶಕ ಭಾಗಗಳಿಗೆ ಬಿಳಿ ಮಂಜು ಹಿಡಿಸುತ್ತದೆ. ನಾನು ಮೂರು ಕ್ಯಾನೊಪಿ ಹಾಳು ಮಾಡಿ ಕಲಿತ ಪಾಠ ಇದು.

ನಡುವಿನ ವರ್ಷಗಳಲ್ಲಿ ಸ್ಪಿಟ್‌ಫೈರ್, ಹರಿಕೇನ್, ಮಿಗ್-21, ಜಾಗ್ವಾರ್, ಏನೇನೋ ಮಾಡಿದೆ. ಕಾಲೇಜು, ಕೆಲಸ, ಮದುವೆ ಅಂತ ಐದಾರು ವರ್ಷ ಬಿಟ್ಟೂ ಇದ್ದೆ. ಜಾಗ್ವಾರ್, ಮಿಗ್ ಸುಲಭ. ಡೀಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಬದಲಿಸಿದರೆ ನಮ್ಮ ವಾಯುಪಡೆಯದ್ದಾಗುತ್ತವೆ. ಆದರೆ ಅಪ್ಪ ಕೈಯಾರೆ ರಿವೆಟ್ ಹೊಡೆದ ಒಂಟಿ ಸೀಟಿನ ನ್ಯಾಟ್ ಮಾತ್ರ ನನ್ನ ಕೈಗೆ ಬಂದ ಯಾವ ಡಬ್ಬಿಯಲ್ಲೂ ಇರಲಿಲ್ಲ. 1965, 1971ರ ಯುದ್ಧಗಳಲ್ಲಿ ಹೆಸರು ಮಾಡಿದ್ದು ಅದೇ. ಶ್ರೀನಗರದ ಮೇಲೆ ಪರಮವೀರ ಚಕ್ರದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸಿದ್ದೂ ಅದೇ.

ಹಾಗಾಗಿ ಎರಡು ವರ್ಷದ ಹಿಂದೆ ಟ್ರೈನರ್ ಕಿಟ್ಟನ್ನೇ ಕೊಯ್ದು ನಮ್ಮದನ್ನು ಮಾಡಲು ಕೂತೆ. ಟ್ರೈನರ್ ಉದ್ದ ಜಾಸ್ತಿ, ರೆಕ್ಕೆ ದೊಡ್ಡದು. ನಮ್ಮ ನ್ಯಾಟಿನ ರೆಕ್ಕೆ ಈ ತುದಿಯಿಂದ ಆ ತುದಿಗೆ 22 ಅಡಿ ಚಿಲ್ಲರೆ. 1/72ರಲ್ಲಿ ಲೆಕ್ಕ ಹಾಕಿದರೆ ಒಂಬತ್ತು ಸೆಂಟಿಮೀಟರ್ ಮೇಲೆ ಸ್ವಲ್ಪ. ಆಚೆ ಈಚೆ ನಾಲ್ಕು ನಾಲ್ಕು ಮಿಲಿಮೀಟರ್ ತೆಗೆಯಬೇಕು, ಅಗಲವನ್ನೂ ಸವೆಸಬೇಕು. ಒಡಲಿನಲ್ಲಿ ಒಂದು ಸೆಂಟಿಮೀಟರಿಗೂ ಜಾಸ್ತಿ.

ಒಡಲು ಕೊಯ್ದ ದಿನ ಚೆನ್ನಾಗಿ ನೆನಪಿದೆ. ಹಿಂದಿನ ಸೀಟಿನ ಜಾಗಕ್ಕೆ ಎರಡು ಕಡೆ ಮಾಸ್ಕಿಂಗ್ ಟೇಪ್ ಸುತ್ತಿದೆ. ಟೇಪಿನ ಅಂಚೇ ಗೆರೆ. ರೇಜರ್ ಗರಗಸವನ್ನು ಒತ್ತದೆ ಎಳೆಯಬೇಕು. ಒತ್ತಿದರೆ ಪ್ಲಾಸ್ಟಿಕ್ ಬಿಸಿಯಾಗಿ ಗರಗಸವನ್ನೇ ಕಚ್ಚಿಕೊಳ್ಳುತ್ತದೆ. ಬಿಳಿ ಪುಡಿ ಉದುರುತ್ತಾ ಉದುರುತ್ತಾ ನಡುವಿನ ತುಂಡು ಅಂಗೈಗೆ ಬಿತ್ತು. ಉಳಿದೆರಡನ್ನು ಜೋಡಿಸಿ ನೋಡಿದರೆ ಮುಂದಿನದ್ದು ಸಣ್ಣ, ಹಿಂದಿನದ್ದು ದಪ್ಪ. ಅಂಗಿ ಗುಂಡಿ ತಪ್ಪಾಗಿ ಹಾಕಿಕೊಂಡ ಹಾಗೆ. ಆಗಬೇಕಾದ್ದೇ ಅಲ್ವಾ, ಒಡಲು ಹಿಂದಕ್ಕೆ ಹೋಗುತ್ತಾ ಅಗಲವಾಗುತ್ತದೆ. ಒಳಗೆ ಪ್ಲಾಸ್ಟಿಕ್ ಪಟ್ಟಿ ಕೊಟ್ಟು, ಮೇಲೆ ಪುಟ್ಟಿ ಮೆತ್ತಿ, 400, 800, 1200 ನಂಬರಿನ ಉಪ್ಪುಕಾಗದದಲ್ಲಿ ನೀರು ಹಾಕಿ ಉಜ್ಜಿದೆ. ಒಂದು ವಾರ ಅಲ್ಲ, ಒಂದೂವರೆ ತಿಂಗಳು.

ಹೊಸ ಕ್ಯಾನೊಪಿ ನೀರಿನ ಬಾಟಲಿಯಿಂದ ಬಂತು. ಮರದಲ್ಲಿ ಕ್ಯಾನೊಪಿಯ ಆಕಾರ ಕೆತ್ತಿ, ಬಾಟಲಿಯೊಳಗೆ ಸೇರಿಸಿ, ಹೀಟ್ ಗನ್ ಹಿಡಿದೆ. ಬಾಟಲಿ ಮುದುಡಿ ಮರದ ಮೈಗೆ ಬಿಗಿಯಾಗಿ ಕೂತಿತು. ಕತ್ತರಿಸಿ ತೆಗೆದರೆ ಕ್ಯಾನೊಪಿ ರೆಡಿ. ಹನ್ನೊಂದನೇ ಬಾಟಲಿಯಲ್ಲಿ ಸರಿಹೋಯಿತು. ಮನೆಯಲ್ಲಿ ಆ ಹದಿನೈದು ದಿನ ನನ್ನನ್ನು ಗುಜರಿ ಅಂತಲೇ ಕರೆದರು.

ಬಣ್ಣ ಬೆಳ್ಳಿ. ಬೆಳ್ಳಿ ಬಣ್ಣದಷ್ಟು ಚಾಡಿಕೋರ ಬಣ್ಣ ಇನ್ನೊಂದಿಲ್ಲ. ಉಜ್ಜಿದ ಗೆರೆ, ಧೂಳು, ಬೆರಳಚ್ಚು, ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಕೆಳಗೆ ಹೊಳೆಯುವ ಕಪ್ಪು ಕೊಟ್ಟು ಮೇಲೆ ತೆಳುವಾಗಿ ಅಲ್ಯುಮಿನಿಯಂ ಬಣ್ಣವನ್ನು ಸ್ಪ್ರೇಯಲ್ಲಿ ಊದಬೇಕು. ನಾನು ಅವಸರಕ್ಕೆ ಜುಲೈ ಮಳೆಯಲ್ಲಿ ಲ್ಯಾಕರ್ ಬಣ್ಣ ಊದಿದೆ. ಗಾಳಿಯ ತೇವಕ್ಕೆ ಬಣ್ಣ ಬೆಳ್ಳಗೆ ಬೂದಿ ಹಿಡಿಯಿತು. ಎಲ್ಲ ತೆಗೆದು ಮತ್ತೆ ಮಾಡಿದ್ದು ದಸರಾ ಕಳೆದ ಮೇಲೆ.

ವಾಯುಪಡೆಯ ಗುರುತು ಕಡಲೆಕಾಳಿನಷ್ಟು. ಹೊರಗೆ ಕೇಸರಿ, ಆಮೇಲೆ ಬಿಳಿ, ನಡುವೆ ಹಸಿರು. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲವಲ್ಲ, ಅದಕ್ಕೆ ಬಿಳಿ ಡೀಕಾಲ್ ಕಾಗದದಲ್ಲೇ ಅಚ್ಚು ಹಾಕಿ ದುಂಡಗೆ ಕತ್ತರಿಸಬೇಕು. ಮೊದಲ ಹಾಳೆಗೆ ವಾರ್ನಿಷ್ ಕೊಡದೆ ನೀರಿಗೆ ಬಿಟ್ಟೆ. ತಟ್ಟೆಯಲ್ಲಿ ಕೇಸರಿ ಹಸಿರು ಪಾನಕ.

ಹೋದ ತಿಂಗಳು ಮುಗಿಯಿತು. ಅಪ್ಪನಿಗೆ ಈಗ ಎಂಬತ್ತೈದು, ಎರಡು ಕಣ್ಣಿಗೂ ಪೊರೆ ಆಪರೇಷನ್ ಆಗಿದೆ. ಕೈಗೆ ಕೊಟ್ಟೆ. ಮೇಲಿನಿಂದ ನೋಡಲೇ ಇಲ್ಲ. ನೇರ ತಲೆಕೆಳಗೆ ಮಾಡಿ ಚಕ್ರದ ಹತ್ತಿರ ಕಣ್ಣಿಟ್ಟರು. ನ್ಯಾಟಿಗೆ ಬೇರೆ ಏರ್‌ಬ್ರೇಕ್ ಇರಲಿಲ್ಲ, ಚಕ್ರಗಳನ್ನೇ ಬಾಗಿಲ ಸಮೇತ ಅರ್ಧ ಇಳಿಸಿ ವೇಗ ತಗ್ಗಿಸುತ್ತಿದ್ದರು. ಅಪ್ಪ ಕೆಲಸ ಮಾಡಿದ್ದು ಆ ಭಾಗದಲ್ಲೇ.

"ಎಡಗಡೆ ಬಾಗಿಲು ಓರೆ ಆಗಿದೆ," ಅಂದರು. ಉಗುರಿನಿಂದ ಮೆಲ್ಲಗೆ ತಳ್ಳಿ ತೋರಿಸಲು ಹೋದರು. ಟಿಕ್ ಅಂತ ಸದ್ದಾಯಿತು.

ಅರ್ಧ ಗಂಟೆ ಇಬ್ಬರೂ ಟಾರ್ಚ್ ಹಿಡಿದು ಮಂಚದ ಕೆಳಗೆ ಹುಡುಕಿದೆವು. ಅಕ್ಕಿ ಕಾಳಿನಷ್ಟಿರುವ ಬಾಗಿಲು, ಇನ್ನೂ ಸಿಕ್ಕಿಲ್ಲ. ಅಪ್ಪ ಮಾತ್ರ ಮಾರನೇ ದಿನ ಬೆಳಿಗ್ಗೆಯೇ ಹಳೇ ಕ್ಯಾಲೆಂಡರಿನ ಹಿಂದೆ ಸರಿಯಾದ ಬಾಗಿಲಿನ ಚಿತ್ರ ಬರೆದು ನನ್ನ ಮೇಜಿನ ಮೇಲೆ ಇಟ್ಟಿದ್ದರು, ಕೀಲು ಎಲ್ಲಿ ಬರಬೇಕು ಅಂತ ಬಾಣದ ಗುರುತು ಹಾಕಿ.